ಬರ್ಟ್ರಂಡ್ ರಸೆಲ್ ಅವರ ಸಮಿತಿ ಕೆಲಸ

(ಬಾಗಲಕೋಟೆಯ ನವನಗರದಲ್ಲಿ ಓದುವ ಗೆಳೆಯರೆಲ್ಲ ಸೇರಿದ್ದ ಒಂದು ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಸೆಲ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಆ ಫೋಟೊ. ಬಿಳಿ ಕೂದಲು, ಬಾಯಲ್ಲಿ ಪೈಪು, ಸೂಟು. ಡಿಗ್ರಿಯ ಇಂಗ್ಲಿಷ್ ಪಠ್ಯದಲ್ಲಿ ಅವರ ಒಂದಾದರೂ ಪ್ರಬಂಧ ಓದಿದವರು ಇಲ್ಲಿ ಇದ್ದೇ ಇರುತ್ತೀರಿ. ಗಣಿತಜ್ಞ, ತತ್ವಜ್ಞಾನಿ, 1950ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದವರು, ಯುದ್ಧ ಬೇಡ ಅಂದು ಜೈಲಿಗೆ ಹೋದವರು. ಇಷ್ಟು ಎಲ್ಲರಿಗೂ ಗೊತ್ತು. ನಾನು ಇವತ್ತು ಮಾತಾಡಬೇಕು ಅಂದುಕೊಂಡದ್ದು ಅಷ್ಟಾಗಿ ಯಾರೂ ಹೇಳದ ಒಂದು ವಿಷಯ. ಈ ಮನುಷ್ಯ ತನ್ನ ಆಯುಷ್ಯದ ಬಹಳಷ್ಟು ಹೊತ್ತನ್ನು ಸಮಿತಿ ಸಭೆಗಳಲ್ಲಿ ಕಳೆದರು. ಠರಾವು ಬರೆದರು, ಪತ್ರ ಬರೆದರು, ಹಣ ಕೂಡಿಸಿದರು, ಸಂಗಡಿಗರ ಜಗಳ ಬಿಡಿಸಿದರು. ಅವರ ರಾಜಕೀಯದಲ್ಲಿ ಗಟ್ಟಿಯಾಗಿ ಉಳಿದ ಕೆಲಸವೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಬಂತು ಅಂತ ನನ್ನ ಅಭಿಪ್ರಾಯ. ಒಬ್ಬರೇ ಎದ್ದು ಹೇಳಿಕೆ ಕೊಟ್ಟಾಗ ಕೆಲವು ಸಲ ಜೋರಾಗಿಯೇ ಎಡವಿದರು.

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ನೀವು. ನಾವು ಕೂತಿರುವ ಈ ನವನಗರ ಹುಟ್ಟಿದ್ದೇ ಆ ಕಾರಣಕ್ಕೆ. ಮುಳುಗಡೆ ಹೋರಾಟ ಅಂದರೆ ಪಾವತಿ ಪುಸ್ತಕ, ಸರ್ವೆ ನಂಬರುಗಳ ಯಾದಿ, ಪೆಂಡಾಲಿನ ಬಾಡಿಗೆ, ಸಾಹೇಬರ ಕೋಣೆಯ ಹೊರಗಿನ ಬೆಂಚು. ಇದು ನಿಮ್ಮ ಮನೆ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಭಾಷಣ ಮಾಡಿದವರ ಫೋಟೊ ಪೇಪರಿನಲ್ಲಿ ಬರುತ್ತದೆ. ಯಾದಿ ಬರೆದವರ ಹೆಸರು ಎಲ್ಲೂ ಬರುವುದಿಲ್ಲ. ರಸೆಲ್ ಎರಡೂ ಕೆಲಸ ಮಾಡಿದವರು. ಹಾಗಾಗಿ ಅವರ ಕತೆ ನಮಗೆ ಉಪಯೋಗಕ್ಕೆ ಬರುತ್ತದೆ.

ಹುಟ್ಟು, ಮನೆತನದ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. 1872ರ ಮೇ 18ರಂದು ವೇಲ್ಸ್ ಭಾಗದ ಟ್ರೆಲೆಕ್‌ನಲ್ಲಿ ಹುಟ್ಟಿದರು. ಅಜ್ಜ ಎರಡು ಸಲ ಬ್ರಿಟನ್ನಿನ ಪ್ರಧಾನಿಯಾಗಿದ್ದವರು. ಅಪ್ಪ ಅಮ್ಮ ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು, ಅಜ್ಜಿ ಸಾಕಿದರು. ಆ ಅಜ್ಜಿ ಮೊಮ್ಮಗನಿಗೆ ಕೊಟ್ಟ ಬೈಬಲ್ಲಿನಲ್ಲಿ ಒಂದು ವಾಕ್ಯ ಬರೆದುಕೊಟ್ಟಿದ್ದರು. ಕೆಟ್ಟ ಕೆಲಸಕ್ಕೆ ಹೊರಟ ಗುಂಪಿನ ಹಿಂದೆ ನೀನು ಹೋಗಬೇಡ ಅನ್ನುವ ಅರ್ಥದ್ದು. ದೇವರನ್ನು ಬಿಟ್ಟ ರಸೆಲ್ ಆ ವಾಕ್ಯವನ್ನು ಮಾತ್ರ ಬಿಡಲಿಲ್ಲ.

1907ರಲ್ಲಿ ಅವರು ವಿಂಬಲ್ಡನ್‌ನ ಉಪಚುನಾವಣೆಗೆ ನಿಂತರು. ಹೆಂಗಸರಿಗೂ ಮತದಾನದ ಹಕ್ಕು ಕೊಡಿ ಅನ್ನುವುದೇ ಅವರ ವಿಷಯ. ಸೋಲುತ್ತೇವೆ ಅಂತ ಗೊತ್ತಿದ್ದೇ ನಿಂತದ್ದು. ಮೊದಲ ಸಭೆಯಲ್ಲೇ ವಿರೋಧಿಗಳು ಇಲಿ ಬಿಟ್ಟರು. ಸಭೆಯಲ್ಲಿದ್ದ ಹೆಂಗಸರು ಕಿರುಚಿ ಓಡಲಿ, ಇವರಿಗೆ ರಾಜಕೀಯ ಯಾಕೆ ಅಂತ ನಗೋಣ ಅನ್ನುವ ಲೆಕ್ಕ. ಭಾರಿ ಅಂತರದಲ್ಲಿ ಸೋತರು. ಅದರ ನಂತರ ಕೆಲವು ವರ್ಷ ಗಣಿತದಲ್ಲೇ ಮುಳುಗಿದರು. ಗಣಿತಜ್ಞ ವೈಟ್‌ಹೆಡ್ ಜೊತೆ ಸೇರಿ ಬರೆದ ಮೂರು ಸಂಪುಟಗಳ ದೊಡ್ಡ ಗ್ರಂಥ ಪ್ರಿನ್ಸಿಪಿಯಾ ಮ್ಯಾಥಮೆಟಿಕಾ 1910ರಿಂದ 1913ರೊಳಗೆ ಬಂತು.

ಮರುವರ್ಷವೇ ಮೊದಲ ಮಹಾಯುದ್ಧ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಯುದ್ಧ ಶುರುವಾದಾಗ ಲಂಡನ್ನಿನ ಜನ ಬೀದಿಯಲ್ಲಿ ಖುಷಿಪಟ್ಟರು. ಇವರ ಗೆಳೆಯರಾಗಿದ್ದ ಪ್ರಾಧ್ಯಾಪಕರಲ್ಲೂ ಎಷ್ಟೋ ಜನ ಅದರಲ್ಲಿ ಸೇರಿಕೊಂಡರು. 1916ರ ಜನವರಿಯಲ್ಲಿ ಕಡ್ಡಾಯ ಸೈನ್ಯ ಸೇವೆಯ ಕಾನೂನು ಬಂತು. ಬಂದೂಕು ಹಿಡಿಯಲು ನಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂದ ಹುಡುಗರು ಸುಮಾರು 16,000. ಅವರಲ್ಲಿ ಆರು ಸಾವಿರದಷ್ಟು ಜನ ಜೈಲು ಕಂಡರು. ಇಂಥವರಿಗಾಗಿ ಕಟ್ಟಿದ್ದ ಸಂಘ ನೋ ಕಾನ್‌ಸ್ಕ್ರಿಪ್ಷನ್ ಫೆಲೋಶಿಪ್. ಕಟ್ಟಿದವರು ಕ್ಲಿಫರ್ಡ್ ಅಲೆನ್ ಮತ್ತು ಫೆನ್ನರ್ ಬ್ರಾಕ್‌ವೇ. ಬ್ರಾಕ್‌ವೇ ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ. ಮುಂದೆ ಭಾರತದ ಸ್ವಾತಂತ್ರ್ಯದ ಪರವಾಗಿ ಬ್ರಿಟನ್ ಸಂಸತ್ತಿನಲ್ಲಿ ಗದ್ದಲ ಎಬ್ಬಿಸಿದವರೂ ಇವರೇ.

ರಸೆಲ್‌ಗೆ ಆಗ 40 ದಾಟಿತ್ತು. ಸೈನ್ಯಕ್ಕೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಸುಮ್ನೆ ಕೇಂಬ್ರಿಜ್‌ನಲ್ಲಿ ಪಾಠ ಮಾಡಿಕೊಂಡು ಇರಬಹುದಿತ್ತು. ಅವರು ಈ ಸಂಘದ ಕಚೇರಿಗೆ ಬಂದು ಕೂತರು. ಆ ಕಚೇರಿಯನ್ನು ನಿಜವಾಗಿ ನಡೆಸುತ್ತಿದ್ದವರು ಕ್ಯಾಥರೀನ್ ಮಾರ್ಷಲ್. ಮತದಾನದ ಹಕ್ಕಿನ ಹೋರಾಟದಲ್ಲಿ ಪಳಗಿದ ಹೆಣ್ಣುಮಗಳು. ಯಾವ ಹುಡುಗ ಯಾವ ಜೈಲಿನಲ್ಲಿದ್ದಾನೆ, ಯಾವತ್ತು ಕೋರ್ಟಿಗೆ ಹಾಜರಾದ, ಎಲ್ಲಿಗೆ ಸಾಗಿಸಿದರು ಅನ್ನುವ ದಾಖಲೆ ಆ ಕಚೇರಿಯಲ್ಲಿ ಇರುತ್ತಿತ್ತು. ಪೊಲೀಸರು ಬಂದು ಕಾಗದ ಹೊತ್ತುಕೊಂಡು ಹೋದರೆ? ಅದಕ್ಕೇ ಇನ್ನೊಂದು ಪ್ರತಿ ಬೇರೆ ಕಡೆ ಬಚ್ಚಿಡುತ್ತಿದ್ದರು. ಒಬ್ಬ ಪದಾಧಿಕಾರಿ ಜೈಲಿಗೆ ಹೋದರೆ ಆ ಜಾಗಕ್ಕೆ ಯಾರು ಬರಬೇಕು ಅನ್ನುವುದೂ ಮೊದಲೇ ಗೊತ್ತಾಗಿರುತ್ತಿತ್ತು. ಅಲೆನ್ ಜೈಲು ಸೇರಿದ ಮೇಲೆ 1917ರಲ್ಲಿ ಹಂಗಾಮಿ ಅಧ್ಯಕ್ಷರಾಗಿ ಕೂತವರು ರಸೆಲ್. ಜಗತ್ತಿನ ದೊಡ್ಡ ತರ್ಕಶಾಸ್ತ್ರಜ್ಞ, ದಿನವೂ ಬೆಳಿಗ್ಗೆ ಎದ್ದು ಜೈಲಿನಲ್ಲಿರುವ ಹುಡುಗರ ಟಪಾಲು ನೋಡುತ್ತಿದ್ದರು. ಬೇಜಾರೂ ಆಗುತ್ತಿತ್ತು. ಕಚೇರಿ ಕೆಲಸ ತನ್ನ ಜಾಯಮಾನಕ್ಕೆ ಒಗ್ಗುವುದಲ್ಲ ಅಂತ ಅವರಿಗೆ ಅನ್ನಿಸುತ್ತಿತ್ತು. ಆದರೂ ವರ್ಷವಿಡೀ ಮಾಡಿದರು.

ಈ ದಾಖಲೆಯ ಬೆಲೆ ಏನು ಅಂತ ಒಂದೇ ಸಂಗತಿಯಿಂದ ಗೊತ್ತಾಗುತ್ತದೆ. 1916ರಲ್ಲಿ ಇಂಥ ಹುಡುಗರನ್ನು ಫ್ರಾನ್ಸಿನ ಯುದ್ಧಭೂಮಿಗೆ ಸಾಗಿಸಿದರು. ಅಲ್ಲಿ ಆಜ್ಞೆ ಮೀರಿದರೆ ಗುಂಡು ಹೊಡೆಯಬಹುದು. ಸುದ್ದಿ ಸಂಘಕ್ಕೆ ಸಿಕ್ಕಿತು. ರಸೆಲ್ ಮತ್ತು ಸಂಗಡಿಗರು ಪ್ರಧಾನಿ ಆಸ್ಕ್ವಿತ್ ಅವರನ್ನೇ ಕಂಡರು. ಜೂನ್‌ನಲ್ಲಿ 35 ಜನರಿಗೆ ಮರಣದಂಡನೆ ಓದಿದರು. ಓದಿದ ಮೇಲೆ ಅಲ್ಲೇ ಅದನ್ನು 10 ವರ್ಷದ ಕಠಿಣ ಶಿಕ್ಷೆಗೆ ಇಳಿಸಿದರು. ಒಬ್ಬನನ್ನೂ ಕೊಲ್ಲಲಿಲ್ಲ. ಎಲ್ಲ ರಸೆಲ್‌ರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಯಾರು ಎಲ್ಲಿದ್ದಾರೆ ಅಂತ ಗೊತ್ತಿಲ್ಲದ ಸಂಘ ಪ್ರಧಾನಿಯ ಮುಂದೆ ಏನು ಹೇಳುತ್ತಿತ್ತು, ಅಷ್ಟು ಯೋಚಿಸಿ.

ಅದೇ ವರ್ಷ ಅರ್ನೆಸ್ಟ್ ಎವೆರೆಟ್ ಅನ್ನುವ ಮೇಷ್ಟ್ರಿಗೆ ಸೈನ್ಯಕ್ಕೆ ಸೇರದಿದ್ದಕ್ಕೆ ಎರಡು ವರ್ಷ ಕಠಿಣ ಶಿಕ್ಷೆ ಆಯಿತು. ಅದರ ಬಗ್ಗೆ ರಸೆಲ್ ಹೆಸರು ಹಾಕದೆ ಒಂದು ಕರಪತ್ರ ಬರೆದರು. ಕರಪತ್ರ ಹಂಚಿದವರನ್ನು ಪೊಲೀಸರು ಹಿಡಿಯತೊಡಗಿದರು. ರಸೆಲ್ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು, ಅದನ್ನು ಬರೆದವನು ನಾನು, ಕೇಸು ಹಾಕುವುದಾದರೆ ನನ್ನ ಮೇಲೆ ಹಾಕಿ ಅಂದರು. ಜೂನ್ 5ರಂದು ವಿಚಾರಣೆ. 100 ಪೌಂಡ್ ದಂಡ. ಕಟ್ಟಲ್ಲ ಅಂದರು. ಕೇಂಬ್ರಿಜ್‌ನ ಕೋಣೆಯಲ್ಲಿದ್ದ ಪುಸ್ತಕ, ಸಾಮಾನು ಲಿಲಾವಿಗೆ ಬಂದವು. ಗೆಳೆಯರು ಮೊದಲ ಸವಾಲಿಗೇ ದಂಡದಷ್ಟು ಹಣ ಕೂಗಿ ಉಳಿದದ್ದನ್ನು ಉಳಿಸಿಕೊಂಡರು. ಜುಲೈನಲ್ಲಿ ಟ್ರಿನಿಟಿ ಕಾಲೇಜು ಕೆಲಸದಿಂದ ತೆಗೆಯಿತು.

ಇದೇ 1916ರಲ್ಲಿ ನಮ್ಮ ಕಡೆ ಏನಾಗುತ್ತಿತ್ತು ಗೊತ್ತಾ? ಮೇ 1ರಂದು ಬೆಳಗಾವಿಯಲ್ಲಿ ತಿಲಕರು ಹೋಂ ರೂಲ್ ಬಗ್ಗೆ ಭಾಷಣ ಮಾಡಿದರು. ಅದೂ, ಆಮೇಲೆ ಅಹ್ಮದ್‌ನಗರದಲ್ಲಿ ಮಾಡಿದ ಭಾಷಣಗಳೂ ರಾಜದ್ರೋಹ ಅಂತ ಸರಕಾರ ಕೇಸು ಹಾಕಿತು. 20,000 ರೂಪಾಯಿ ಮುಚ್ಚಳಿಕೆ, ಮೇಲೆ ತಲಾ 10,000ದ ಇಬ್ಬರು ಜಾಮೀನುದಾರರು. ತಿಲಕರ ಪರ ವಾದಿಸಿದವರು ಜಿನ್ನಾ. ನವೆಂಬರಿನಲ್ಲಿ ಮುಂಬೈ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಲಂಡನ್ನಿನಲ್ಲಿ ಕರಪತ್ರಕ್ಕೆ ದಂಡ, ಬೆಳಗಾವಿಯ ಭಾಷಣಕ್ಕೆ ಮುಚ್ಚಳಿಕೆ. ಸರಕಾರ ಒಂದೇ, ವರ್ಷ ಒಂದೇ. ಇದನ್ನು ನಮ್ಮ ಇತಿಹಾಸದ ಪಾಠದಲ್ಲಿ ಯಾರೂ ಜೋಡಿಸಿ ಹೇಳುವುದಿಲ್ಲ. ನನಗೆ ಅದು ಯಾವಾಗಲೂ ಕೊರತೆ ಅನ್ನಿಸಿದೆ.

ರಸೆಲ್ ಕಡಲ ತೀರದ ಊರುಗಳಿಗೆ, ಇನ್ನೂ ಕೆಲವು ಪ್ರದೇಶಗಳಿಗೆ ಕಾಲಿಡಬಾರದು ಅಂತ ಆಜ್ಞೆ ಹೊರಟಿತು. ಅವರೇನು ಶತ್ರುವಿನ ಹಡಗಿಗೆ ದೀಪ ತೋರಿಸುತ್ತಿದ್ದರೋ ಏನೋ! ಗ್ಲಾಸ್ಗೊದಲ್ಲಿ ಅವರ ಉಪನ್ಯಾಸ ಇತ್ತು. ಹೋಗುವಂತಿಲ್ಲ. ಆಗ ಗಣಿ ಕಾರ್ಮಿಕರ ನಾಯಕ ರಾಬರ್ಟ್ ಸ್ಮೈಲಿ ವೇದಿಕೆ ಹತ್ತಿ ಭಾಷಣ ಓದಿದರು. ಓದಿ ಮುಗಿಸಿ, ಇದು ರಸೆಲ್ ಬರೆದದ್ದು ಅಂದರು. ಒಂಟಿ ಬರಹಗಾರನಿಗೆ ಈ ಅನುಕೂಲ ಎಲ್ಲಿ ಸಿಗಬೇಕು? ಬಾಯಿಗೆ ಬೀಗ ಹಾಕಿದರೆ ಇನ್ನೊಂದು ಬಾಯಿ ಸಿದ್ಧ ಇರಬೇಕು. ಅದಕ್ಕೆ ಸಂಘ ಬೇಕು.

1917ರ ಒಂದು ಪ್ರಸಂಗ ಅವರೇ ಬರೆದಿದ್ದಾರೆ. ಲಂಡನ್ನಿನ ಒಂದು ಚರ್ಚಿನಲ್ಲಿ ಸಭೆ. ಕುಡಿದ ಗುಂಪು ನುಗ್ಗಿತು. ಮೊಳೆ ಹೊಡೆದ ಹಲಗೆ ಹಿಡಿದು ಇಬ್ಬರು ಹೆಂಗಸರು ರಸೆಲ್ ಕಡೆಗೆ ಬಂದರು. ಪೊಲೀಸರು ನೋಡುತ್ತ ನಿಂತಿದ್ದರು. ಪರಿಚಯದ ಹೆಣ್ಣುಮಗಳೊಬ್ಬಳು, ಅವರು ದೊಡ್ಡ ತತ್ವಜ್ಞಾನಿ, ಕಾಪಾಡಿ ಅಂದಳು. ಪೊಲೀಸರು ಮಿಸುಕಲಿಲ್ಲ. ಜಗತ್ತಿಗೇ ಗೊತ್ತಿರುವ ಪಂಡಿತರು ಅಂದಳು. ಆಗಲೂ ಇಲ್ಲ. ಅವರ ಅಣ್ಣ ಅರ್ಲ್ ಅಂದಳು. ಅಂದರೆ ಜಹಗೀರುದಾರರ ಪೈಕಿ. ಪೊಲೀಸರು ಓಡಿ ಬಂದರು. ಇದನ್ನು ಕೇಳಿ ನಾವು ಅಷ್ಟೊಂದು ನಗಬೇಕಾಗಿಲ್ಲ. ನಮ್ಮ ಠಾಣೆಗಳಲ್ಲಿ ಯಾವ ಹೆಸರಿಗೆ ಕುರ್ಚಿ ಬರುತ್ತದೆ ಅಂತ ನಮಗೂ ಗೊತ್ತಿದೆ.

1918ರಲ್ಲಿ ಸಂಘದ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಬ್ರಿಟನ್ನಿಗೆ ಬರುವ ಅಮೆರಿಕದ ಸೈನಿಕರನ್ನು ಮುಷ್ಕರ ಮಾಡುವ ಕಾರ್ಮಿಕರನ್ನು ಹೆದರಿಸಲು ಬಳಸಬಹುದು ಅಂದರು. ಅದಕ್ಕೆ ಆರು ತಿಂಗಳ ಶಿಕ್ಷೆ, ಬ್ರಿಕ್ಸ್‌ಟನ್ ಜೈಲು. ಬಾಗಿಲಲ್ಲಿ ಜೈಲಿನವನು ಧರ್ಮ ಯಾವುದು ಅಂತ ಕೇಳಿದ. ಅಜ್ಞೇಯವಾದಿ ಅಂದರು. ಅದನ್ನು ಹೇಗೆ ಬರೆಯಬೇಕು ಅಂತ ಕೇಳಿ ಬರೆದುಕೊಂಡ ಅವನು, ಧರ್ಮ ಎಷ್ಟೋ ಇವೆ, ಎಲ್ಲರೂ ಪೂಜಿಸುವುದು ಒಬ್ಬನೇ ದೇವರನ್ನು ಅಂತ ನಿಟ್ಟುಸಿರು ಬಿಟ್ಟನಂತೆ. ಆ ಮಾತು ಸುಮಾರು ಒಂದು ವಾರ ತನ್ನನ್ನು ಖುಷಿಯಾಗಿ ಇಟ್ಟಿತು ಅಂತ ರಸೆಲ್ ಬರೆಯುತ್ತಾರೆ. ಒಳಗೆ ಕೂತು ಗಣಿತದ ತತ್ವದ ಮೇಲೆ ಒಂದು ಪುಸ್ತಕ ಮುಗಿಸಿದರು. ಅವರಿಗೆ ಮೇಲಿನ ದರ್ಜೆ ಸಿಕ್ಕಿತ್ತು, ಪುಸ್ತಕ ಪೆನ್ನು ಇದ್ದವು. ಸಾಮಾನ್ಯ ಹುಡುಗರಿಗೆ ಆ ಸೌಕರ್ಯ ಇರಲಿಲ್ಲ. ಅದನ್ನೂ ಹೇಳಿಬಿಡಬೇಕು.

ಈಗ ನನ್ನ ವಾದಕ್ಕೆ ಹೊಂದದ ಒಂದು ಸಂಗತಿ. 1920ರಲ್ಲಿ ಲೇಬರ್ ಪಕ್ಷದ ನಿಯೋಗದ ಜೊತೆ ರಷ್ಯಾಕ್ಕೆ ಹೋದರು. ಲೆನಿನ್ ಅವರ ಜೊತೆ ಸುಮಾರು ಒಂದು ತಾಸು ಮಾತಾಡಿದರು. ಎಡಪಂಥೀಯ ಗೆಳೆಯರೆಲ್ಲ ಕ್ರಾಂತಿಯ ಬಗ್ಗೆ ಭಾರಿ ಭರವಸೆ ಇಟ್ಟಿದ್ದ ಹೊತ್ತು ಅದು. ರಸೆಲ್ ವಾಪಸ್ ಬಂದು, ಅಲ್ಲಿ ನಾನು ಕಂಡದ್ದು ಹೊಸ ಧರ್ಮದ ಕುರುಡು ನಂಬಿಕೆ, ಸ್ವಾತಂತ್ರ್ಯ ಕಾಣಲಿಲ್ಲ ಅನ್ನುವ ಅರ್ಥದಲ್ಲಿ ಪುಸ್ತಕ ಬರೆದರು. ಗೆಳೆಯರು ಸಿಟ್ಟಾದರು. ಮುಂದೆ ಅವರ ಹೆಂಡತಿಯಾದ ಡೋರಾ ಬ್ಲ್ಯಾಕ್ ಬೇರೆಯಾಗಿ ರಷ್ಯಾಕ್ಕೆ ಹೋಗಿ ಮೆಚ್ಚಿಕೊಂಡು ಬಂದಿದ್ದರು. ಇಲ್ಲಿ ರಸೆಲ್ ಒಬ್ಬರೇ, ಮತ್ತು ಅವರದ್ದೇ ಸರಿ ಇತ್ತು. ಗುಂಪಿನಲ್ಲಿ ಇದ್ದರೆ ಸರಿ, ಒಂಟಿಯಾದರೆ ತಪ್ಪು ಅನ್ನುವ ಸೂತ್ರ ಯಾವ ಮನುಷ್ಯನಿಗೂ ಪೂರ್ತಿ ಕೂಡುವುದಿಲ್ಲ ಬಿಡಿ.

ಭಾರತದ ವಿಷಯಕ್ಕೆ ಬರೋಣ. 1930ರ ದಶಕದಲ್ಲಿ ಲಂಡನ್ನಿನಲ್ಲಿ ಕೃಷ್ಣ ಮೆನನ್ ಭಾರತದ ಸ್ವಾತಂತ್ರ್ಯದ ಪರವಾದ ಇಂಡಿಯಾ ಲೀಗ್ ಅನ್ನುವ ಸಂಘ ನಡೆಸುತ್ತಿದ್ದರು. ಅದರ ಅಧ್ಯಕ್ಷ ಸ್ಥಾನದಲ್ಲಿ ರಸೆಲ್ ಇದ್ದರು. 1932ರಲ್ಲಿ, ಗಾಂಧೀಜಿ ಜೈಲಿನಲ್ಲಿದ್ದಾಗ, ಲೀಗ್ ಒಂದು ನಿಯೋಗವನ್ನು ಭಾರತಕ್ಕೆ ಕಳಿಸಿತು. ಎಲೆನ್ ವಿಲ್ಕಿನ್‌ಸನ್, ಮೋನಿಕಾ ವೇಟ್ಲಿ, ಲಿಯೊನಾರ್ಡ್ ಮ್ಯಾಟರ್ಸ್, ಮತ್ತೆ ಮೆನನ್. ಅವರು ಊರೂರು ಸುತ್ತಿ, ಲಾಠಿ, ಜೈಲು, ಜಪ್ತಿಗಳ ವಿವರ ಕೂಡಿಸಿ ದೊಡ್ಡ ವರದಿ ಬರೆದರು. ಅದಕ್ಕೆ ಮುನ್ನುಡಿ ರಸೆಲ್ ಅವರದ್ದು. ಜರ್ಮನಿಯ ನಾಜಿಗಳು ಏನು ಮಾಡುತ್ತಿದ್ದಾರೆ ಅಂತ ಕಾಳಜಿಯಿಂದ ಓದುವ ಇಂಗ್ಲಿಷರು, ತಮ್ಮವರೇ ಭಾರತದಲ್ಲಿ ಮಾಡುವುದನ್ನು ತಿಳಿದುಕೊಂಡಿಲ್ಲ ಅನ್ನುವ ಧಾಟಿ ಅದರದ್ದು. ಭಾರತದಲ್ಲಿ ಆ ವರದಿಯನ್ನು ಸರಕಾರ ನಿಷೇಧಿಸಿತು. ಇಲ್ಲೂ ಗಮನಿಸಿ. ಭಾರತದ ಬಗ್ಗೆ ರಸೆಲ್ ಕೂತಲ್ಲೇ ಅಭಿಪ್ರಾಯ ಹೇಳಿದ್ದರೆ ಪತ್ರಿಕೆಯ ಒಂದು ಮೂಲೆಗೆ ಹೋಗುತ್ತಿತ್ತು. ಜನ ಕಳಿಸಿ, ಸಾಕ್ಷಿ ತರಿಸಿ, ಅದರ ಮೇಲೆ ಹೆಸರು ಹಾಕಿದರು.

ಇನ್ನು ಅವರು ಎಡವಿದ ಜಾಗ. 1948ರ ನವೆಂಬರಿನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಒಂದು ಉಪನ್ಯಾಸ. ರಷ್ಯಾದ ಹತ್ತಿರ ಇನ್ನೂ ಅಣುಬಾಂಬು ಇಲ್ಲ, ಅದು ಬರುವ ಮೊದಲೇ ಯುದ್ಧವಾಗುವುದು ಮೇಲು ಅನ್ನುವಂಥ ಮಾತಾಡಿದರು. ಮೊದಲ ಯುದ್ಧದ ವಿರೋಧಿ ಇವರೇನಾ? ಆಮೇಲೆ 1950ರ ದಶಕದಲ್ಲಿ, ನಾನು ಹಾಗೆ ಹೇಳಿಯೇ ಇಲ್ಲ ಅಂದರು. ಕೊನೆಗೆ 1959ರಲ್ಲಿ ಬಿಬಿಸಿ ಸಂದರ್ಶನದಲ್ಲಿ, ಹೌದು, ಆಗ ಹಾಗೆ ಯೋಚಿಸಿದ್ದೆ ಅಂತ ಒಪ್ಪಿಕೊಂಡರು. ಅವರ ಭಕ್ತರು ಈ ಪುಟವನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು. ಆ ವರ್ಷಗಳಲ್ಲಿ ಅವರ ಸುತ್ತ, ಸ್ವಲ್ಪ ತಡೀರಿ ಸಾಹೇಬ್ರ ಅಂತ ಕೈ ಹಿಡಿಯುವ ಸಂಘ ಯಾವುದೂ ಇರಲಿಲ್ಲ. ದೊಡ್ಡ ಹೆಸರು, ರೇಡಿಯೊ, ಕರೆದಲ್ಲೆಲ್ಲ ಭಾಷಣ. ತರ್ಕ ಅವರದ್ದು ಯಾವಾಗಲೂ ಚುರುಕು. ಆದರೆ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ತಪ್ಪಾಗಿ ಇಳಿದರೆ ಕೂಡಿಸುವವನು ಎಷ್ಟೇ ಜಾಣನಾದರೂ ಮೊತ್ತ ತಪ್ಪೇ ಬರುತ್ತದೆ, ಅಲ್ವಾ?

ಏಳು ವರ್ಷದೊಳಗೆ ಅವರು ಪೂರಾ ಬೇರೆ ದಾರಿಯಲ್ಲಿದ್ದರು. 1954ರಲ್ಲಿ ಅಮೆರಿಕ ಹೈಡ್ರೋಜನ್ ಬಾಂಬು ಸಿಡಿಸಿ ನೋಡಿತ್ತು, ಜಪಾನಿನ ಮೀನುಗಾರರ ಮೇಲೆ ಅದರ ಬೂದಿ ಬಿತ್ತು. ಆ ಡಿಸೆಂಬರಿನಲ್ಲಿ ರಸೆಲ್, ಇಂಥ ಬಾಂಬಿನಿಂದ ಮನುಷ್ಯಕುಲವೇ ಅಳಿಯಬಹುದು ಅಂತ ಬಿಬಿಸಿಯಲ್ಲಿ ಮಾತಾಡಿದರು. ಆಮೇಲೆ ಆ ಮಾತನ್ನೇ ವಿಜ್ಞಾನಿಗಳ ಜಂಟಿ ಹೇಳಿಕೆಯಾಗಿ ಮಾಡಲು ಕೂತರು. ತಿಂಗಳುಗಟ್ಟಲೆ ಪತ್ರ ವ್ಯವಹಾರ. ಒಂದು ಕಡೆಯವರೇ ಸಹಿ ಹಾಕಿದರೆ ಉಪಯೋಗವಿಲ್ಲ, ಕಮ್ಯುನಿಸ್ಟ್ ಆದ ಫ್ರಾನ್ಸಿನ ವಿಜ್ಞಾನಿ ಜೋಲಿಯೊ ಕ್ಯೂರಿಯೂ ಬೇಕು, ಅಲ್ಲದವರೂ ಬೇಕು. ಒಬ್ಬರಿಗೆ ಒಂದು ಪದ ಬೇಡ, ಇನ್ನೊಬ್ಬರಿಗೆ ಒಂದು ಸಾಲು ಬೇಡ. ಐನ್‌ಸ್ಟೈನ್ ಸಾಯುವುದಕ್ಕೆ ಒಂದು ವಾರ ಮೊದಲು ಸಹಿ ಮಾಡಿದ್ದರು. ರೋಮಿನಿಂದ ಪ್ಯಾರಿಸ್‌ಗೆ ಬರುವ ವಿಮಾನದಲ್ಲಿ ರಸೆಲ್‌ಗೆ ಅವರ ಸಾವಿನ ಸುದ್ದಿ ಸಿಕ್ಕಿತು. ಇನ್ನು ಈ ಕೆಲಸ ಕೆಟ್ಟಿತು ಅಂದುಕೊಂಡು ಹೋಟೆಲಿಗೆ ಬಂದರೆ, ಐನ್‌ಸ್ಟೈನ್ ಪತ್ರ ಅಲ್ಲಿ ಕಾಯುತ್ತಿತ್ತು, ಸಹಿ ಮಾಡುತ್ತೇನೆ ಅಂತ. 1955ರ ಜುಲೈ 9ರಂದು ಲಂಡನ್ನಿನಲ್ಲಿ 11 ಜನರ ಹೇಳಿಕೆ ಹೊರಬಂತು. ನಿಮ್ಮ ಮನುಷ್ಯತ್ವ ನೆನಪಿಡಿ, ಉಳಿದದ್ದನ್ನು ಮರೆಯಿರಿ ಅನ್ನುವ ಸಾಲು ಅದರದ್ದೇ. ಅದರ ಬೆನ್ನಿಗೆ 1957ರಲ್ಲಿ ಕೆನಡಾದ ಪಗ್‌ವಾಶ್ ಅನ್ನುವ ಹಳ್ಳಿಯಲ್ಲಿ ಎರಡೂ ಬಣದ ವಿಜ್ಞಾನಿಗಳು ಸೇರಿದರು. ಆ ಸಭೆಗಳು ಇಂದಿಗೂ ನಡೆಯುತ್ತಿವೆ. 1995ರ ನೊಬೆಲ್ ಶಾಂತಿ ಪ್ರಶಸ್ತಿ ಪಗ್‌ವಾಶ್‌ಗೆ ಮತ್ತು ಅದನ್ನು ಕಟ್ಟಿದ ರೋಟ್‌ಬ್ಲಾಟ್‌ಗೆ ಬಂತು.

1958ರಲ್ಲಿ ಅಣ್ವಸ್ತ್ರ ವಿರೋಧಿ ಚಳವಳಿ ಸಿಎನ್‌ಡಿ ಶುರುವಾಯಿತು, ರಸೆಲ್ ಅಧ್ಯಕ್ಷರು. ಈಗ ಹುಡುಗರ ಟಿ-ಶರ್ಟ್ ಮೇಲೆ ಕಾಣುವ ಆ ದುಂಡನೆಯ ಶಾಂತಿ ಚಿಹ್ನೆ ಆ ವರ್ಷದ್ದು. ಮೆರವಣಿಗೆ ಸಾಲದು, ಕಾನೂನು ಮುರಿಯಬೇಕು ಅಂತ 1960ರಲ್ಲಿ ಅವರು ಅಧ್ಯಕ್ಷತೆ ಬಿಟ್ಟು ನೂರು ಜನರ ಸಮಿತಿ ಕಟ್ಟಿದರು. ಸಂಘಟನೆ ಒಡೆಯಿತು. ಈ ಒಡಕಿಗೆ ರಸೆಲ್ ಕೂಡ ಕಾರಣ. ಚಳವಳಿಗೆ ಅದರಿಂದ ನಷ್ಟವಾಯಿತು ಅಂತಲೇ ನನಗೆ ಅನ್ನಿಸುತ್ತದೆ. 1961ರ ಸೆಪ್ಟೆಂಬರಿನಲ್ಲಿ ಕೋರ್ಟು ಎರಡು ತಿಂಗಳು ಶಿಕ್ಷೆ ಕೊಟ್ಟು, ಆರೋಗ್ಯದ ಕಾರಣಕ್ಕೆ ಒಂದು ವಾರಕ್ಕೆ ಇಳಿಸಿತು. ಹೆಂಡತಿ ಈಡಿತ್ ಅವರಿಗೂ ಅಷ್ಟೇ. ಎಂಬತ್ತೆಂಟರ ಮುದುಕನಿಗೆ ಜೈಲಾ, ನಾಚಿಕೆಗೇಡು ಅಂತ ಕೋರ್ಟಿನಲ್ಲಿದ್ದ ಜನ ಕೂಗಿದರು. ರಸೆಲ್‌ಗೆ ಸಿಟ್ಟು ಬಂತು. ಅವರಿಗೆ ಆಗ 89. ವಯಸ್ಸಿಗೂ ತಪ್ಪಿಗೂ ಏನು ಸಂಬಂಧ ಅನ್ನುವುದು ಅವರ ಸಿಟ್ಟು.

ಆ ಸುದ್ದಿ ಬೆಂಗಳೂರಿನ ಒಂದು ಕಾಫಿ ಅಂಗಡಿವರೆಗೂ ಬಂತು. ವಿನೋಬಾ ಅವರ ಬಳಗದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಪೇಪರಿನಲ್ಲಿ ಅದನ್ನು ಓದಿದರು. ಆ ವಯಸ್ಸಿನಲ್ಲಿ ಅವರು ಜೈಲಿಗೆ ಹೋಗುತ್ತಾರೆ, ನಾವು ಇಲ್ಲಿ ಕಾಫಿ ಕುಡಿಯುತ್ತ ಕೂತಿದ್ದೇವೆ ಅನ್ನಿಸಿತು. 1962ರಲ್ಲಿ ದಿಲ್ಲಿಯಿಂದ ಹೊರಟು ಕಿಸೆಯಲ್ಲಿ ದುಡ್ಡಿಲ್ಲದೆ ಮಾಸ್ಕೊ, ಪ್ಯಾರಿಸ್ ಅಂತ ನಡೆದೇ ಹೋದರು. ರಸೆಲ್ ಅವರನ್ನು ಕಂಡರು. ಅಟ್ಲಾಂಟಿಕ್ ಸಾಗರ ದಾಟಲು ರಸೆಲ್ ಸಹಾಯ ಮಾಡಿದರು.

ಕೊನೆಯ ವರ್ಷಗಳ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. 1962ರ ಅಕ್ಟೋಬರಿನಲ್ಲಿ ರಷ್ಯಾ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟು ಬಿಕ್ಕಟ್ಟು ಬಂದಾಗ ಅಮೆರಿಕದ ಕೆನಡಿ, ರಷ್ಯಾದ ಕ್ರುಶ್ಚೇವ್ ಇಬ್ಬರಿಗೂ ತಂತಿ ಕಳಿಸಿದರು. ಕಳ್ಳರನ್ನು ಹಿಡಿದವರನ್ನು ಬಿಟ್ಟು ಕಳ್ಳರ ಕಡೆ ನೋಡಿ ಅಂತ ಕೆನಡಿ ತಿರುಗಿ ಬರೆದರು. ಅದೇ ಹೊತ್ತಿಗೆ ಭಾರತ–ಚೀನಾ ಯುದ್ಧ. ನೆಹರೂ ಮತ್ತು ಚೌ ಎನ್ ಲಾಯ್‌ಗೆ, ಕದನ ನಿಲ್ಲಿಸಿ ಮಾತಿಗೆ ಕೂರಿ ಅಂತ ಬರೆದರು. ವೇಲ್ಸ್‌ನ ಮನೆಯಲ್ಲಿ ಕೂತು ಜಗತ್ತಿಗೆಲ್ಲ ತಂತಿ. ಅವರ ಕಾರ್ಯದರ್ಶಿ ರಾಲ್ಫ್ ಶೋನ್‌ಮನ್ ಅನ್ನುವ ಅಮೆರಿಕದ ತರುಣ. ಯಾವ ಪತ್ರ ರಸೆಲ್ ಅವರದ್ದು, ಯಾವುದು ಅವನದ್ದು ಅನ್ನುವ ಗುಮಾನಿ ಎಲ್ಲರಿಗೂ ಬರತೊಡಗಿತು. 1969ರಲ್ಲಿ ರಸೆಲ್ ಅವನ ಬಗ್ಗೆ ದೀರ್ಘ ಟಿಪ್ಪಣಿ ಬರೆದು ಸಂಬಂಧ ಕಡಿದುಕೊಂಡದ್ದನ್ನು ಹೇಳಿದರು. ಈ ನಡುವೆ ಗಟ್ಟಿ ಕೆಲಸ ಅಂದರೆ ವಿಯೆಟ್ನಾಂ ಯುದ್ಧಾಪರಾಧಗಳ ಜನತಾ ನ್ಯಾಯಮಂಡಳಿ. ಫ್ರಾನ್ಸಿನ ಲೇಖಕ ಸಾರ್ತ್ರ ಮುಂತಾದವರು ಕೂತು 1967ರಲ್ಲಿ ಸ್ಟಾಕ್‌ಹೋಮ್ ಮತ್ತು ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ಸಾಕ್ಷಿ ಕೇಳಿದರು. ಅದಕ್ಕೆ ಶಿಕ್ಷೆ ಕೊಡುವ ಅಧಿಕಾರ ಇರಲಿಲ್ಲ. ಸಾಕ್ಷಿಯನ್ನು ದಾಖಲೆಯಾಗಿ ಇಡುವುದು ಅದರ ಕೆಲಸ. ಆಮೇಲೆ ಜಗತ್ತಿನ ಎಷ್ಟೋ ಕಡೆ ನಡೆದ ಜನತಾ ನ್ಯಾಯಾಲಯಗಳಿಗೆ ಇದೇ ಮಾದರಿ. 1970ರ ಫೆಬ್ರವರಿ 2ರಂದು, 97ನೇ ವಯಸ್ಸಿನಲ್ಲಿ ರಸೆಲ್ ತೀರಿಕೊಂಡರು.

ಪ್ರಶ್ನೆಗಳ ಹೊತ್ತಿಗೆ ಹಿರಿಯರೊಬ್ಬರು ಎದ್ದರು. "ಸರ, ಇಷ್ಟೆಲ್ಲಾ ಮಾಡಿದ್ರು, ಬಾಂಬ್ ಏನ್ ಹೋಗ್ಲಿಲ್ಲಲ್ರಿ?" ಹೋಗಲಿಲ್ಲ ನಿಜ. ಅಮೆರಿಕ, ರಷ್ಯಾ, ಬ್ರಿಟನ್ ಗಾಳಿಯಲ್ಲಿ ಬಾಂಬು ಸಿಡಿಸಿ ನೋಡುವುದನ್ನು 1963ರ ಒಪ್ಪಂದ ನಿಲ್ಲಿಸಿತು. ಅದರ ಹಿಂದೆ ಪಗ್‌ವಾಶ್ ವಿಜ್ಞಾನಿಗಳ ಮಾತುಕತೆಯೂ ಇತ್ತು. ಮುಳುಗಡೆ ಹೋರಾಟದಲ್ಲೂ ಆಣೆಕಟ್ಟು ನಿಲ್ಲಲಿಲ್ಲ, ಪರಿಹಾರದ ದರ ಮಾತ್ರ ಬದಲಾಯಿತು. ಅದು ಸಣ್ಣದು ಅಂತ ನೀವು ಹೇಳುತ್ತೀರಾ ಅಂತ ಕೇಳಿದೆ. ಅವರು ನಕ್ಕು ಕೂತರು.

ಕಾಲೇಜು ಹುಡುಗಿಯೊಬ್ಬಳು, "ಮೊಬೈಲ್‌ನಾಗ ಪಿಟಿಷನ್‌ಗೆ ಸಹಿ ಮಾಡ್ತೀವಲ್ರಿ ಸರ, ಅದೂ ಇದೇ ಅಲ್ಲೇನ್ರಿ?" ಅಂತ ಕೇಳಿದಳು. ಮಾಡಿ, ತಪ್ಪೇನಿಲ್ಲ. ಸಹಿ ಮಾಡಿದ ಮೇಲೆ ಮರುದಿನ ಆ ಕಾಗದ ಯಾರ ಮೇಜಿನ ಮೇಲಿದೆ ಅಂತ ಕೇಳುವವರು ಯಾರು, ಅದನ್ನು ಗೊತ್ತು ಮಾಡಿಕೊಳ್ಳಿ. ಐನ್‌ಸ್ಟೈನ್ ಸಹಿ ಬಿದ್ದದ್ದು ಒಂದು ಕ್ಷಣದಲ್ಲಿ. ಅದರ ಹಿಂದೆ ರಸೆಲ್ ಬರೆದ ಪತ್ರಗಳ ತಿಂಗಳುಗಳಿದ್ದವು.

ಕೊನೆಯದಾಗಿ ಒಂದು ಮಾತು, ಇದು ನಿಮಗೆ ವಿನಂತಿ. 1968ರಲ್ಲಿ ರಸೆಲ್ ತಮ್ಮ ಕಾಗದಪತ್ರಗಳನ್ನು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಮಾರಿದರು. ಚಳವಳಿಗೆ ಹಣ ಬೇಕಿತ್ತು, ಅದಕ್ಕೆ. ಅದರಿಂದಾಗಿ 1916ರಲ್ಲಿ ಯಾವ ಹುಡುಗನ ಬಗ್ಗೆ ಯಾರಿಗೆ ಬರೆದರು ಅಂತ ಇವತ್ತಿಗೂ ತೆಗೆದು ನೋಡಬಹುದು. ಹಳೇ ಬಾಗಲಕೋಟೆಯಿಂದ ಇಲ್ಲಿಗೆ ಬಂದ ಮನೆಗಳ ಟ್ರಂಕಿನಲ್ಲಿ ಮನವಿಗಳ ಪ್ರತಿ, ಸಭೆಯ ಠರಾವು, ಪಾವತಿ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಆಲಮಟ್ಟಿಯನ್ನು 519.60 ಮೀಟರಿನಿಂದ 524.256ಕ್ಕೆ ಎತ್ತರಿಸುವ ವಿಷಯ ಇನ್ನೂ ಮುಗಿದಿಲ್ಲ. ಹೊಸದಾಗಿ ಊರು ಬಿಡಬೇಕಾದವರು ಆ ಕಾಗದಗಳನ್ನು ಕೇಳಿಕೊಂಡು ಬರುತ್ತಾರೆ. ಝೆರಾಕ್ಸ್ ಮಾಡಿಸುವ ಖರ್ಚು ನಾವು ಗೆಳೆಯರು ಹೊರುತ್ತೇವೆ. ಹೊರಗೆ ಮೇಜಿನ ಮೇಲೆ ಒಂದು ವಹಿ ಇಟ್ಟಿದೆ, ಹೋಗುವಾಗ ನಿಮ್ಮ ಹೆಸರು, ಹಳೇ ಊರಿನ ಓಣಿಯ ಹೆಸರು ಬರೆದು ಹೋಗಿ.